ಕಿಟಕಿಯ ಮೂರನೆಯ ಸರಳು

ಮಳೆ ದೇವರು ಕೊಡುವುದು, ಅದನ್ನು ಬೈಯಬಾರದು ಎಂದು ಯಜಮಾನರು ಹೇಳುತ್ತಿದ್ದರು. ಅವರು ತೀರಿಕೊಂಡ ವರ್ಷ ಮೊದಲ ಮಳೆ ಬಂದ ಸಂಜೆ ಆ ಮನೆಯಲ್ಲಿ ಅದನ್ನು ಬೈಯದೆ ಉಳಿದವಳು ಅವರ ಹೆಂಡತಿ ಒಬ್ಬಳೇ. ನೀರು ನುಗ್ಗಿದ್ದು ಮಾತ್ರ ಆಕೆಯ ಕೋಣೆಗೆ.

ತಾರಸಿಯ ನೀರನ್ನೆಲ್ಲ ಇಳಿಸುವ ದಪ್ಪ ಪೈಪು ಆ ಕೋಣೆಯ ಹೊರಗೋಡೆಗೆ ಅಂಟಿಕೊಂಡೇ ಕೆಳಗೆ ಬಂದು, ನೆಲದೊಳಗೆ ಹೊಕ್ಕು, ಅಲ್ಲಿಂದ ಬೀದಿಯ ಚರಂಡಿಗೆ ಸೇರಬೇಕು. ಅಂದು ಅದು ಸೇರಲಿಲ್ಲ. ಎದೆಯೆತ್ತರದಲ್ಲಿದ್ದ ಜೋಡಣೆಯಿಂದ ನೀರು ಚಿಮ್ಮಿ ಗೋಡೆಗೆ ಹೊಡೆಯಿತು. ಒಳಗೆ ಸುಣ್ಣ ಹಪ್ಪಳದ ಹಾಗೆ ಉಬ್ಬಿತು. ದೇವರ ಗೂಡಿನ ಕೆಳಗೆ ಕಂದು ಕಲೆ ಇಳಿದು ಮಂಚದ ತಲೆದೆಸೆಯವರೆಗೆ ಬಂತು. ಆ ಮಂಚದ ಮೇಲೆಯೇ ಯಜಮಾನರ ಉಸಿರು ನಿಂತದ್ದು. ಆಕೆ ಮಂಚವನ್ನು ಎಳೆದು ಕೋಣೆಯ ನಡುವೆ ಹಾಕಿಕೊಂಡು, ದೀಪವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಪ್ರಾರ್ಥನೆ ಮುಗಿಸಿ ಊಟಕ್ಕೆ ಬಂದಳು.

ಊಟ ಆಗಿನ್ನೂ ಒಂದೇ ಕಡೆ ನಡೆಯುತ್ತಿತ್ತು. ದೊಡ್ಡ ಮಗ ಬಸ್ ಡ್ರೈವರ್, ಹೆಂಡತಿಯೊಡನೆ ಮೇಲಿನ ಮಹಡಿಯಲ್ಲಿದ್ದ. ಅವಳು ಶಾಲೆಯ ಟೀಚರ್. ಚಿಕ್ಕ ಮಗ ಟೈಲ್ಸ್ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದವನು. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವಳ ಎರಡು ಮಿಷನ್ನುಗಳು ಕೆಳಗಿನ ನಡುಮನೆಯಲ್ಲಿ ಅರ್ಧ ಜಾಗ ತಿಂದಿದ್ದವು. ಅಡುಗೆಮನೆ ಕೆಳಗೊಂದೇ.

"ಅಣ್ಣ, ನಿನ್ನ ತಾರಸಿ ನೀರು ಅಮ್ಮನ ಕೋಣೆಗೆ ಬರ್ತಿದೆ," ಎಂದ ಚಿಕ್ಕವನು, ಅನ್ನ ಕಲಸುತ್ತ.

"ನನ್ನ ತಾರಸಿಯಾ? ಬೇಸಿಗೇಲಿ ನಿನ್ನ ಹೆಂಡತಿ ಬಟ್ಟೆ ಒಣಗಿಸೋವಾಗ ಅದು ಎಲ್ಲರ ತಾರಸಿ. ನೀರು ಬಂದ ತಕ್ಷಣ ನನ್ನದಾಯ್ತಾ?"

"ಪೈಪು ಮೇಲಿಂದ ತಾನೇ ಬರೋದು?"

"ಒಡೆದಿರೋದು ಕೆಳಗೆ. ಕೆಳಗಿನವರು ನೋಡ್ಕೋಬೇಕು."

ತಾಯಿ ಬೇಳೆಯ ಪಾತ್ರೆಯನ್ನು ದೊಡ್ಡವನ ಕಡೆ ಸರಿಸಿ, "ನಿಮ್ಮಪ್ಪ ಪ್ರತಿವರ್ಷ ಮಳೆಗೆ ಮುಂಚೆ ಅಂಗಳದಲ್ಲಿ ಏನೋ ಮಾಡ್ತಿದ್ರು," ಎಂದಳು. "ಮೊಣಕೈವರೆಗೂ ಕೆಸರು ಮಾಡ್ಕೊಂಡು ಬರೋರು. ನಾನೇ ಬಿಸಿನೀರು ಹಾಕ್ತಿದ್ದೆ."

"ಅಪ್ಪ ಏನೇನೋ ಮಾಡ್ತಿದ್ರಮ್ಮ," ಎಂದ ಚಿಕ್ಕವನು. "ಹಳೇ ಮೊಳೆ ನೆಟ್ಟಗೆ ಮಾಡ್ತಾ ಕೂತಿರ್ತಿದ್ರು. ಅದಕ್ಕೂ ಇದಕ್ಕೂ ಏನು ಸಂಬಂಧ?"

ಮಾತು ಅಲ್ಲಿಗೆ ನಿಂತಿತು. ಆ ಮನೆಯಲ್ಲಿ ಯಜಮಾನರ ಮಾತು ಬಂದರೆ ಉಳಿದ ಮಾತೆಲ್ಲ ನಿಲ್ಲುತ್ತಿತ್ತು. ಅದು ಗೌರವದಿಂದಲೋ, ಅವಸರದಿಂದಲೋ, ಆಕೆಗೆ ತಿಳಿಯುತ್ತಿರಲಿಲ್ಲ.

ಯಜಮಾನರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಜೋಡಿಸಿದ ಪುಟ ಚೆದುರದಂತೆ ಅದರ ಸುತ್ತ ದಾರವನ್ನು ಬಿಗಿಯಾಗಿ ಸುತ್ತಿ, ಕೊನೆಯನ್ನು ಸುತ್ತುಗಳ ಒಳಗೆ ಸಿಕ್ಕಿಸಿ, ಒಂದಿಷ್ಟು ಬಾಲ ಹೊರಗೆ ಬಿಡುವುದು ಆ ಕೆಲಸದವರ ರೂಢಿ. ಗಂಟು ಹಾಕುವುದಿಲ್ಲ. ಬಾಲ ಎಳೆದರೆ ಇಡೀ ಕಟ್ಟು ಸಡಿಲವಾಗುತ್ತದೆ; ಬೇರೆಲ್ಲಿ ಎಳೆದರೂ ಬಿಗಿಯುತ್ತದೆ. ಮನೆಯಲ್ಲಿಯೂ ಅವರು ಎಲ್ಲವನ್ನೂ ಹಾಗೆಯೇ ಕಟ್ಟುತ್ತಿದ್ದರು, ಹಳೆಯ ಪತ್ರಿಕೆ, ಕಂಬಳಿ, ಸೌದೆ. ಅವರು ಹೋದ ಮೇಲೆ ಚಿಕ್ಕ ಸೊಸೆ ಆ ಕಟ್ಟುಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ಬಿಚ್ಚಿದ್ದಳು.

ಪೈಪಿನ ಕೆಲಸಕ್ಕೆ ಕರೆಸಿದವನನ್ನು ಬೀದಿಯಲ್ಲಿ ಎಲ್ಲರೂ 'ಪಕ್ಕಾ' ಎಂದೇ ಕರೆಯುತ್ತಿದ್ದರು. ಅವನು ಜೋಡಣೆಗೆ ಏನೋ ಅಂಟು ಮೆತ್ತಿ, ಮೇಲೆ ಟೇಪು ಸುತ್ತಿ, "ಪಕ್ಕಾ ಆಯ್ತು," ಎಂದು ಹೋದ. ಮುಂದಿನ ಮಳೆಗೆ ಕೆಳಗಿನ ಜೋಡಣೆ ನಿಜವಾಗಿಯೂ ಗಟ್ಟಿಯಾಗಿತ್ತು. ನೀರು ಪೈಪಿನಲ್ಲಿ ಮೇಲಕ್ಕೇರಿ ಮಹಡಿಯ ಜೋಡಣೆಯಿಂದ ಚಿಮ್ಮಿ, ತೆರೆದ ಕಿಟಕಿಯಿಂದ ಒಳಗೆ ಬಂದು, ದೊಡ್ಡ ಸೊಸೆ ತಿದ್ದಲು ತಂದಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ತೋಯಿಸಿತು.

"ಈಗ ಗೊತ್ತಾಯ್ತಾ?" ಎಂದಳು ಚಿಕ್ಕ ಸೊಸೆ, ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ನೋಡುತ್ತ.

"ಗೊತ್ತಾಗೋದೇನಿದೆ? ಕೆಳಗಿನವರು ತಮ್ಮ ಬಾಯಿ ಮುಚ್ಚಿ ನಮ್ಮ ಕಡೆ ಉಗುಳಿದ್ರು," ಎಂದಳು ದೊಡ್ಡ ಸೊಸೆ.

ಪಕ್ಕಾ ಮತ್ತೆ ಬಂದ. ಈ ಸಲ ಪೈಪನ್ನು ತಟ್ಟಿ ನೋಡಿ ತಲೆ ಆಡಿಸಿದ. "ತುಂಬಿ ನಿಂತಿದೆ. ತಪ್ಪು ಜೋಡಣೇದಲ್ಲ, ನೆಲದ ಕೆಳಗಿಂದು." ಮೇಲಿನಿಂದ ಉದ್ದನೆಯ ತಂತಿ ಇಳಿಸಿ ಚುಚ್ಚಿದ. ತಂತಿ ತಳಕ್ಕೆ ಹೋಗಿ ತಿರುಗಿ, ಯಾವುದೋ ಮೆತ್ತನೆಯದಕ್ಕೆ ತಾಗಿ ಹಿಂದೆ ಬಂತು. "ಬೇರು ಇರ್ಬೇಕು. ಇಲ್ಲಾ ಪೈಪು ಕುಸಿದು ಮಣ್ಣು ತುಂಬಿರ್ಬೇಕು. ಅಗೀಬೇಕು. ಲೈನು ಎಲ್ಲಿಂದ ಹೋಗಿದೆ?"

ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹಾಕಿಸಿದವರು ಯಜಮಾನರು. ಆಗ ಮಕ್ಕಳು ಇನ್ನೂ ತೊಟ್ಟಿಲಲ್ಲಿದ್ದರು.

"ಅಂಗಳದ ಕೆಳಗೆ ಹೋಗಿರುತ್ತೆ. ಮತ್ತೆಲ್ಲಿ ಹೋಗುತ್ತೆ?" ಎಂದ ದೊಡ್ಡವನು. "ಅಗಿ."

"ಅಂಗಳದ ಟೈಲ್ಸ್ ಹಾಕಿ ಇನ್ನೂ ಮೂರು ತಿಂಗಳಾಗಿಲ್ಲ," ಎಂದ ಚಿಕ್ಕವನು. ಅಪ್ಪನ ಕಾರ್ಯಕ್ಕೆ ಬರುವ ನೆಂಟರು ಕೆಸರು ತುಳಿಯಬಾರದೆಂದು ಅವನೇ ಅಂಗಡಿಯಿಂದ ತಂದು ಹಾಕಿಸಿದ್ದ ಟೈಲ್ಸ್ ಅವು. ನೆಂಟರೆಲ್ಲ ಹೊಗಳಿದ್ದರು. "ಲೈನು ನಿನ್ನ ಮೆಟ್ಟಿಲ ಕೆಳಗೆ ಹೋಗಿದೆ. ಆ ಕಾಂಕ್ರೀಟು ಕೂತು ಪೈಪು ಕುಸಿದಿದೆ. ಮೆಟ್ಟಿಲು ಕಟ್ಟೋ ಮುಂಚೆ ಎಂದಾದ್ರೂ ಹೀಗಾಗಿತ್ತಾ?"

"ಮೆಟ್ಟಿಲಿಗೆ ಪಾಯ ತೆಗೆದಾಗ ನಾನೇ ನಿಂತಿದ್ದೆ. ಒಂದು ಪೈಪೂ ಸಿಗಲಿಲ್ಲ."

"ಸಿಕ್ಕಿದ್ರೂ ಹೇಳ್ತಿದ್ಯಾ?"

ಆ ಹೊರಮೆಟ್ಟಿಲು ಹಳೆಯ ಹುಣ್ಣು. ಹಿಂದಿನ ವರ್ಷ ದೊಡ್ಡವನು, ತಮ್ಮನ ನಡುಮನೆ ದಾಟದೆ ಮೇಲೆ ಹೋಗಲು ಅದನ್ನು ಕಟ್ಟಿಸಿಕೊಂಡಿದ್ದ. ಅಪ್ಪ ಬೇಡವೆಂದಿರಲಿಲ್ಲ. ಆ ಮೆಟ್ಟಿಲನ್ನು ಒಮ್ಮೆಯೂ ಹತ್ತಿರಲಿಲ್ಲ, ಅಷ್ಟೆ.

"ನೀವಿಬ್ಬರೂ ಮಾತಾಡ್ಕೊಂಡು ಕರೀರಿ," ಎಂದು ಪಕ್ಕಾ ಚೀಲ ಎತ್ತಿಕೊಂಡ.

"ಹೋಗೋ ಮುಂಚೆ ಆ ಕೆಳಗಿನ ಜೋಡಣೆ ಸಡಿಲ ಮಾಡು," ಎಂದ ದೊಡ್ಡವನು. "ನೀರು ಅಲ್ಲೇ ಹೋಗ್ಲಿ. ನನ್ನ ಹೆಂಡತಿ ಉತ್ತರಪತ್ರಿಕೆ ಒಣಗಿಸ್ತಾ ಕೂತ್ಕೊಳ್ಳೋಕಾಗಲ್ಲ."

"ಅಲ್ಲಿ ಅಮ್ಮ ಮಲಗ್ತಾರೆ," ಎಂದ ಚಿಕ್ಕವನು.

"ಹಾಗಾದ್ರೆ ಟೈಲ್ಸ್ ಒಡಿ."

ಚಿಕ್ಕವನು ಟೈಲ್ಸ್ ನೋಡುತ್ತ ನಿಂತ. ಪಕ್ಕಾ ಇಬ್ಬರ ಮುಖವನ್ನೂ ನೋಡಿ, ಜೋಡಣೆ ಸಡಿಲಿಸಿದ. ಕಿಟಕಿಯ ಒಳಗೆ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದ ತಾಯಿಗೆ ಎಲ್ಲವೂ ಕೇಳಿಸಿತು.

ಮಳೆ ಹಿಡಿಯಿತು. ಗೋಡೆಯ ಮೇಲೆ ಹಸಿರು ಪಾಚಿ ಬಂತು. ಆಕೆಯ ಕೆಮ್ಮು ರಾತ್ರಿ ಮಹಡಿಗೂ ಕೇಳಿಸುತ್ತಿತ್ತು. ಬೆಳಿಗ್ಗೆ ದೊಡ್ಡವನು ಬಸ್ಸಿಗೆ ಹೋಗುವ ಮುನ್ನ ಬಾಗಿಲಲ್ಲಿ ನಿಂತು, "ಅಮ್ಮ, ಮಾತ್ರೆ ತಗೊಂಡ್ಯಾ?" ಎನ್ನುವನು. "ಗೋಡೆಗೆ ಕೊಡಪ್ಪ ಮಾತ್ರೆ," ಎನ್ನುವಳು ಆಕೆ.

ಜಗಳ ಅಡುಗೆಮನೆಗೆ ಇಳಿದದ್ದು ಒಂದು ಸಂಜೆ. ಚಿಕ್ಕ ಸೊಸೆ ಪಲ್ಯ ಬಡಿಸುತ್ತ, "ಟೀಚರಮ್ಮ ಪಾತ್ರೆ ತೊಳೆದು ಎಷ್ಟು ದಿನ ಆಯ್ತು?" ಎಂದಳು, ಯಾರನ್ನೂ ನೋಡದೆ.

"ಸಾಮಾನು ತರೋರು ಯಾರು ಅಂತ ಕೇಳ್ಕೋ ಮೊದಲು," ಎಂದಳು ದೊಡ್ಡ ಸೊಸೆ.

"ತಂದರೆ ಬೇಯುತ್ತಾ ತಾನಾಗೇ? ಬೇಯಿಸೋರು ಬೇಡ್ವಾ?"

ಮಾರನೆಯ ದಿನ ದೊಡ್ಡವನು ಡ್ಯೂಟಿಯಿಂದ ಬರುವಾಗ ಹೊಸ ಒಲೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು, ಹೊರಮೆಟ್ಟಿಲು ಹತ್ತಿದ. ಆ ಸಂಜೆ ಮೇಲೊಂದು ಒಗ್ಗರಣೆಯ ವಾಸನೆ, ಕೆಳಗೊಂದು. ತಾಯಿ ಕೋಣೆಯಲ್ಲಿ ಕಾದಳು. ಅತ್ತೆ ಮೇಲೆ ಉಣ್ಣುತ್ತಾಳೆಂದು ಚಿಕ್ಕ ಸೊಸೆ ತಿಳಿದಳು. ಕೆಳಗೆ ಉಂಡಿರುತ್ತಾಳೆಂದು ದೊಡ್ಡ ಸೊಸೆ ತಿಳಿದಳು. ಕೇಳಬೇಕೆಂದರೆ ಒಬ್ಬರೊಡನೊಬ್ಬರು ಮಾತಾಡಬೇಕು. ಆಕೆ ಡಬ್ಬಿಯಲ್ಲಿದ್ದ ಎರಡು ಬಿಸ್ಕತ್ತು ತಿಂದು, ನೀರು ಕುಡಿದು, ಉಂಡ ಅನ್ನಕ್ಕೆ ದೇವರಿಗೆ ಹೇಳುವ ಮಾತುಗಳನ್ನೇ ಬಿಸ್ಕತ್ತಿಗೂ ಹೇಳಿ ಮಲಗಿದಳು.

ಅದರ ಮರುದಿನ ಆಕೆ ಸ್ನಾನ ಮುಗಿಸಿ ಬಂದಾಗ ಚಿಕ್ಕ ಸೊಸೆ ಕೋಣೆಯಲ್ಲಿ ಅಳತೆಪಟ್ಟಿ ಹಿಡಿದು ಬಗ್ಗಿದ್ದಳು.

"ಯಾರಿಗೆ ಅಳತೆ ತಗೋತಿದ್ದೀಯ?"

"ಪರದೆಗೆ, ಅತ್ತೆ. ಹಳೇದು ಪಾಚಿ ಹಿಡಿದಿದೆ."

"ಪರದೆಗೆ ನೆಲ ಯಾಕೆ ಅಳೀತಿದ್ದೀಯ?"

ಸೊಸೆ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡಳು. "ನೋಡಿ ಅತ್ತೆ, ಮುಚ್ಚುಮರೆ ಏನಿಲ್ಲ. ಈ ಕೆಮ್ಮಲ್ಲಿ ನೀವು ಇಲ್ಲಿರೋದು ಸರಿ ಅಲ್ಲ. ಇವರು ನಿಮ್ಮ ಮಗಳ ಹತ್ರ ಮಾತಾಡಿದ್ದಾರೆ. ಭಾನುವಾರ ಅಳಿಯಂದಿರು ಕಾರು ತರ್ತಾರೆ. ಮಳೆಗಾಲ ಮುಗಿಯೋವರೆಗೂ ಅಲ್ಲಿರಿ."

"ಮುಗಿದ ಮೇಲೆ?"

"ಮುಗಿದ ಮೇಲೆ ಬನ್ನಿ."

"ಬಂದಾಗ ಇಲ್ಲಿ ಎರಡು ಮಿಷನ್ನು ಇರುತ್ತಾ, ಮೂರು ಇರುತ್ತಾ?"

ಸೊಸೆಯ ಮುಖ ಕೆಂಪಾಯಿತು. "ಮಿಷನ್ನು ಓಡಿದ್ರೆ ತಾನೇ ಅತ್ತೆ ಮನೆ ಓಡೋದು? ಗೋಡೆ ಒದ್ದೆ ಆಗಿದ್ದು ನನ್ನಿಂದ ಅಲ್ಲ."

ಸಂಜೆ ಆಕೆ ಇಬ್ಬರು ಮಕ್ಕಳನ್ನೂ ಕೇಳಿದಳು. ಚಿಕ್ಕವನು, "ನಿನ್ನ ಒಳ್ಳೇದಕ್ಕೇ ಅಮ್ಮ," ಎಂದ. ದೊಡ್ಡವನು, "ಅವನು ಟೈಲ್ಸ್ ಒಡೆಯೋವರೆಗೂ ನಾನೇನು ಮಾಡ್ಲಿ? ಮೇಲೆ ಬಾ ಅಂದ್ರೆ ಮೆಟ್ಟಿಲು ಹತ್ತೋಕೆ ನಿನಗೆ ಆಗಲ್ಲ," ಎಂದ. ಹೋದರೆ ಮತ್ತೆ ಈ ಕೋಣೆಗೆ ಬರುವುದಿಲ್ಲ ಎಂಬುದು ಆಕೆಗೆ ಖಚಿತವಾಗಿತ್ತು. ಆಕೆ ಅಳಲಿಲ್ಲ. ದೇವರನ್ನು ಬೇಡಿಕೊಂಡದ್ದು ಒಂದೇ: ಇವರಿಗೆ ಬುದ್ಧಿ ಕೊಡು ಎಂದಲ್ಲ, ತನಗೆ ನೆನಪು ಕೊಡು ಎಂದು.

ಶನಿವಾರ ಗಂಡಸರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಚಿಕ್ಕ ಸೊಸೆ ಹೊಲಿದ ಬಟ್ಟೆ ಕೊಟ್ಟು ಬರಲು ಹೊರಟಿದ್ದಳು. ಮಳೆ ಬಿಟ್ಟಿತ್ತು. ತಾಯಿ ಅಡುಗೆಮನೆಯ ಕಿಟಕಿಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು. ಆ ಜಾಗದಲ್ಲಿ ನಿಂತೇ ಆಕೆಯ ಹರೆಯ, ನಡುವಯಸ್ಸು ಎರಡೂ ಕಳೆದಿದ್ದವು. ಕಿಟಕಿಗೆ ಐದು ಸರಳು. ಹೊರಗೆ ಹೊಳೆಯುವ ಟೈಲ್ಸ್. ಆಗ ನೆನಪಾಯಿತು. ಮಳೆಗೆ ಮುಂಚೆ ಯಜಮಾನರು ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದಾಗ ಅವರ ಕೈ ಏನು ಮಾಡುತ್ತಿತ್ತೋ ಆಕೆ ಕಂಡವಳಲ್ಲ. ಕಂಡದ್ದು ಬೆನ್ನು. ಮೂರನೆಯ ಸರಳು ಆ ಬೆನ್ನನ್ನು ಸರಿಯಾಗಿ ಎರಡು ಭಾಗ ಮಾಡುತ್ತಿತ್ತು; ಅವರ ತಲೆ ಅಡ್ಡಪಟ್ಟಿಗಿಂತ ಸ್ವಲ್ಪ ಕೆಳಗಿರುತ್ತಿತ್ತು.

ಹಾಲು ಇಳಿಸಿ ಹೊರಗೆ ಬಂದು ಮೇಲಕ್ಕೆ ಕರೆದಳು. "ಟೀಚರಮ್ಮ, ರಜೆ ತಾನೇ ಇವತ್ತು? ಸ್ವಲ್ಪ ಕೆಳಗೆ ಬಾ."

ದೊಡ್ಡ ಸೊಸೆ ಮೇಲಿನಿಂದ ಇಣುಕಿದಳು. "ಕೆಳಗಿನ ಕೆಲಸಕ್ಕೆ ಕೆಳಗಿನವರನ್ನ ಕರೀರಿ, ಅತ್ತೆ."

"ಟೈಲ್ಸ್ ಒಡೀಬೇಕು."

"ಹಾಗಾದ್ರೆ ಬರ್ತೀನಿ," ಎಂದು ಅವಳು ಚಪ್ಪಲಿ ಮೆಟ್ಟಿ ಇಳಿದಳು.

"ಅಂಗಳದಲ್ಲಿ ಆ ಕಡೆ ಮುಖ ಮಾಡ್ಕೊಂಡು ಕೂತ್ಕೋ. ನಾನು ಕಿಟಕೀಲಿ ನೋಡ್ತೀನಿ."

"ನಾನಾ? ಯಾಕೆ?"

"ನಿಮ್ಮ ಮಾವ ಕೂರ್ತಿದ್ದ ಜಾಗ ಬೇಕು."

ಪಕ್ಕದ ಮನೆಯವರು ನೋಡುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿ, ದೊಡ್ಡ ಸೊಸೆ ಕುಳಿತಳು. ಕಿಟಕಿಯಿಂದ ಧ್ವನಿ ಬಂತು. "ಇನ್ನೂ ಎಡಕ್ಕೆ. ಅಷ್ಟಲ್ಲ. ಗೋಡೆ ಕಡೆಗೆ ಸರಿ. ಬೆನ್ನು ಬಗ್ಗಿಸು, ಅವರು ನಿನ್ನ ಹಾಗೆ ನೆಟ್ಟಗೆ ಕೂರ್ತಿರಲಿಲ್ಲ."

"ಮಾವನ ಬೆನ್ನು ನನಗೆಲ್ಲಿಂದ ಬರುತ್ತೆ?" ಎಂದು ಗೊಣಗುತ್ತ ಅವಳು ಬಗ್ಗಿದಳು.

"ಅಲ್ಲೇ. ಏಳಬೇಡ. ನಿನ್ನ ಮೊಣಕಾಲ ಮುಂದೆ ಗುರುತು ಹಾಕು."

ಸೀರೆಯ ಸೆರಗಿನಲ್ಲಿ ಸಿಕ್ಕಿಕೊಂಡಿದ್ದ ಸೀಮೆಸುಣ್ಣದ ತುಂಡಿನಿಂದ ಅವಳು ಟೈಲ್ಸಿನ ಮೇಲೆ ತಪ್ಪು ಲೆಕ್ಕಕ್ಕೆ ಹಾಕುವಂಥ ದೊಡ್ಡ ಅಡ್ಡಗೀಟು ಎಳೆದಳು.

ಮೊದಲ ಏಟು ಹಾಕಿದವಳು ಅತ್ತೆ. ಹಾರೆ ಜಾರಿತು. ಎರಡನೆಯದಕ್ಕೆ ಬಿರುಕು. ಆಮೇಲೆ ಸೊಸೆ ಹಾರೆಯನ್ನು ಕಿತ್ತುಕೊಂಡಳು, ಸಹಾಯಕ್ಕಿಂತ ಹೆಚ್ಚಾಗಿ ಆಸೆಯಿಂದ. ಮೂರು ಟೈಲ್ಸು ಹೋಳಾದವು. ಕೆಳಗಿನ ಸಿಮೆಂಟು ಕೆತ್ತಿದಾಗ ಕಲ್ಲಿನ ಚಪ್ಪಡಿಯ ಅಂಚು ಕಂಡಿತು. ಇಬ್ಬರೂ ಸೇರಿ ಅದನ್ನು ಮೀಟಿ ಎತ್ತಿದರು.

ಒಳಗೆ ಇಟ್ಟಿಗೆಯ ಸಣ್ಣ ಗುಂಡಿ. ತಳ ಒಣಗಿತ್ತು. ಒಂದು ಕಡೆ ಬೀದಿಗೆ ಹೋಗುವ ಪೈಪಿನ ಬಾಯಿ ಖಾಲಿ. ಎದುರು ಕಡೆ ಗೋಡೆಯಿಂದ ಬರುವ ಪೈಪಿನ ಬಾಯಿಗೆ ಬಟ್ಟೆಯ ಒಂದು ದೊಡ್ಡ ಉಂಡೆ ಬಿಗಿಯಾಗಿ ತುರುಕಿ ಕುಳಿತಿತ್ತು, ಅದು ಹೊರಗೆ ಬರದಂತೆ ಒಂದು ಇಟ್ಟಿಗೆ ಆನಿಸಿಟ್ಟಿತ್ತು. ಬಟ್ಟೆಯ ತುಂಬ ಅಚ್ಚಿನ ಮಸಿಯ ಕಲೆ. ಅಚ್ಚುಕೂಟದಲ್ಲಿ ಅವರು ಸೊಂಟಕ್ಕೆ ಕಟ್ಟುತ್ತಿದ್ದ ಏಪ್ರನ್ ಅದು. ಎಸೆದುಬಿಡಿ ಎಂದು ಆಕೆ ಎಷ್ಟೋ ಸಲ ಹೇಳಿದ್ದಳು.

"ಇಲಿ ಬರದ ಹಾಗೆ. ಮಳೆಗೆ ಮುಂಚೆ ಅವರು ತೆಗೀತಿದ್ದದ್ದು ಇದನ್ನೇ," ಎಂದಳು ಅತ್ತೆ. "ಬೇಸಿಗೇಲಿ ಚರಂಡಿ ಇಲಿ ಪೈಪು ಹತ್ತಿ ತಾರಸಿಗೆ ಬರ್ತಿದ್ವು. ಆಮೇಲೆ ಬರೋದು ನಿಂತಿತ್ತು. ಯಾಕೆ ನಿಂತಿತು ಅಂತ ನಾನು ಕೇಳಲಿಲ್ಲ."

ಸೊಸೆ ಇಟ್ಟಿಗೆ ತೆಗೆದು ಉಂಡೆಯನ್ನು ಹಿಡಿದು ಎಳೆದಳು. ಅದು ಮಿಸುಕಲಿಲ್ಲ. "ಕತ್ತರಿ ತರ್ಲಾ?"

"ಕತ್ತರಿ ಬೇಡ. ಸರಿ ಆ ಕಡೆ."

ಆಕೆ ನೆಲದ ಮೇಲೆ ಮಲಗಿ, ಮೊಣಕೈವರೆಗೆ ಕೈ ಇಳಿಸಿ, ಬೆರಳಿನಿಂದ ಹುಡುಕಿದಳು. ಸುತ್ತುಗಳ ಅಂಚಿನಲ್ಲಿ ದಾರದ ಬಾಲ ಸಿಕ್ಕಿತು. ಎಳೆದಳು. ಸುತ್ತು ಒಂದೊಂದಾಗಿ ಬಿಟ್ಟಿತು, ಬಟ್ಟೆ ಸಡಿಲವಾಯಿತು, ಹಿಂದೆ ವಾರಗಟ್ಟಲೆ ನಿಂತಿದ್ದ ನೀರು ಅದನ್ನು ತಳ್ಳಿಕೊಂಡು ಆಕೆಯ ತೋಳಿಗೆ, ಮುಖಕ್ಕೆ ಹೊಡೆದು ಗುಂಡಿಯಲ್ಲಿ ಸುತ್ತಿ ಬೀದಿಯ ಕಡೆಗೆ ಗಳಗಳ ಹೋಯಿತು. ಏಪ್ರನ್ ಆಕೆಯ ಕೈಯಲ್ಲಿ ಉಳಿಯಿತು. ಆಕೆ ಎದ್ದು ಕೂರಲು ಬಹಳ ಹೊತ್ತಾಯಿತು. ದೊಡ್ಡ ಸೊಸೆ ಹಾರೆಯನ್ನು ಗೋಡೆಗೆ ಒರಗಿಸಿ ಮೇಲೆ ಹೋದಳು.

ಸಂಜೆ ಚಿಕ್ಕವನು ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ನಿಂತ. "ಯಾರು ಒಡೆದದ್ದು?"

"ನಾನು," ಎಂದಳು ತಾಯಿ.

"ನಾನು ಮೊದಲ ದಿನವೇ ಹೇಳಿದ್ದೆ ಅಗಿ ಅಂತ," ಎಂದ ದೊಡ್ಡವನು ಮೆಟ್ಟಿಲ ಮೇಲಿನಿಂದ. "ನನ್ನ ಮೆಟ್ಟಿಲು ಪೈಪು ಕುಸಿಸಿತ್ತಂತೆ."

"ನೀನು ಹೇಳಿದ್ದು ಅಗಿ ಅಂತ. ಎಲ್ಲಿ ಅಂತ ಗೊತ್ತಿತ್ತಾ ನಿನಗೆ?" ಎಂದು ತಾಯಿ ಅವನ ಬಾಯಿ ಮುಚ್ಚಿಸಿ, ಚಿಕ್ಕವನ ಕಡೆ ತಿರುಗಿದಳು. "ಟೈಲ್ಸ್ ಹಾಕುವಾಗ ಮೇಸ್ತ್ರಿಗೆ ಈ ಚಪ್ಪಡಿ ಕಾಣಲಿಲ್ವಾ?"

ಚಿಕ್ಕವನು ಹೋಳುಗಳನ್ನು ಕಾಲಿನಿಂದ ಒಟ್ಟು ಮಾಡಿದ. "ಸ್ವಲ್ಪ ಎದ್ದಿದೆ, ಏನು ಮಾಡೋಣ ಅಂದಿದ್ದ. ಬಟ್ಟೆ ಒಗೆಯೋ ಹಳೇ ಕಲ್ಲು ಅಂದ್ಕೊಂಡೆ. ಮಟ್ಟ ಮಾಡಿ ಹಾಕಿಬಿಡು ಅಂದೆ."

"ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡಲಿಲ್ಲ," ಎಂದ ದೊಡ್ಡವನು.

"ನೀನು ಕೇಳಿದ್ರೆ ಹೇಳ್ತಿದ್ದೆ. ನೀನು ಕೇಳಿದ್ದು ಒಡಿ ಅಂತ ಮಾತ್ರ."

"ಅಪ್ಪ ಕೊನೇ ದಿನಗಳಲ್ಲಿ ನಿನ್ನ ಜೊತೆ ಕೆಳಗೇ ಇದ್ರಲ್ಲ, ನಿನಗೆ ಹೇಳಲಿಲ್ವಾ?"

"ಅವರು ಮಾತಾಡ್ತಿದ್ದದ್ದು ಮಧ್ಯಾಹ್ನ. ನಾನಿರ್ತಿದ್ದದ್ದು ಅಂಗಡೀಲಿ. ನೀನೆಲ್ಲಿದ್ದೆ?"

ಕತ್ತಲಾಗುವವರೆಗೂ ಹೀಗೆಯೇ ನಡೆಯಿತು. ತಾಯಿ ಒಳಗೆ ಹೋಗಿ ಏಪ್ರನ್ ಒಗೆದು ಒಣಗಲು ಹಾಕಿದಳು.

ಭಾನುವಾರ ಬೆಳಿಗ್ಗೆ ಚಿಕ್ಕವನು ಅಂಗಡಿಯಿಂದ ಅದೇ ಬಣ್ಣದ ಮೂರು ಟೈಲ್ಸು ತಂದು, ಬಾಣಲಿಯಲ್ಲಿ ಸಿಮೆಂಟು ಕಲಸಿದ. ಕಾರಿನಲ್ಲಿ ಬಂದ ಅಳಿಯ ಚಹಾ ಕುಡಿಯುತ್ತ ಬಾಗಿಲಲ್ಲಿ ನಿಂತಿದ್ದ. ತಾಯಿಯ ಪೆಟ್ಟಿಗೆಯನ್ನು ಚಿಕ್ಕ ಸೊಸೆ ಆಗಲೇ ಹೊರಗೆ ತಂದಿಟ್ಟಿದ್ದಳು.

"ಚಪ್ಪಡಿ ಕಾಣೋ ಹಾಗೆ ಬಿಡು," ಎಂದಳು ತಾಯಿ.

"ಅಸಹ್ಯವಾಗಿರುತ್ತಮ್ಮ. ಮೇಲೆ ಒಂದು ಗುರುತು ಮಾಡಿರ್ತೀನಿ. ನೀನು ಹೊರಡು."

ತಾಯಿ ಒಳಗೆ ಹೋಗಿ ತನ್ನ ಕುರ್ಚಿಯನ್ನು ತಂದು, ಚಪ್ಪಡಿಯ ಮೇಲೆ ಇಟ್ಟು, ಕುಳಿತು, ಪ್ರಾರ್ಥನೆಯ ಪುಸ್ತಕ ತೆರೆದಳು.

"ಅಮ್ಮ, ಏಳು. ಸಿಮೆಂಟು ಕಲಸಿದೆ."

ಆಕೆ ಪುಟ ತಿರುಗಿಸಿದಳು.

"ಅಮ್ಮ, ಗಟ್ಟಿಯಾಗುತ್ತೆ."

"ಆಗಲಿ."

ಅಳಿಯ ಗಡಿಯಾರ ನೋಡಿಕೊಂಡ. ಮೇಲಿನಿಂದ ದೊಡ್ಡವನು ಬಗ್ಗಿ ನಕ್ಕ, ಆಕೆ ತಲೆ ಎತ್ತಿ, "ನೀನು ನಗಬೇಡ. ಆ ಜೋಡಣೆ ಸಡಿಲ ಮಾಡಿಸಿದವನು ನೀನು," ಎಂದಾಗ ಒಳಗೆ ಸರಿದ. ಚಿಕ್ಕವನು ಎರಡು ಸಲ ಸಿಮೆಂಟಿಗೆ ನೀರು ಹಾಕಿದ, ಮೂರನೆಯ ಸಲ ಹಾಕಲಿಲ್ಲ. ಕರಣೆ ಬಾಣಲಿಯಲ್ಲಿ ನಿಂತಂತೆಯೇ ನಿಂತುಬಿಟ್ಟಿತು.

"ಎದ್ದೇಳಿ ಅತ್ತೆ, ಊಟ ಆರುತ್ತೆ," ಎಂದಳು ಚಿಕ್ಕ ಸೊಸೆ ಸಿಟ್ಟಿನಿಂದ.

"ಇಲ್ಲಿಗೇ ತಂದುಕೊಡು."

ತಟ್ಟೆ ಬಂತು. ಅದನ್ನು ನೋಡಿ, ಸೋಲಬಾರದೆಂದು, ಮೇಲಿನಿಂದಲೂ ಒಂದು ತಟ್ಟೆ ಇಳಿಯಿತು. ಆಕೆ ಎರಡನ್ನೂ ಉಂಡಳು. ಅಳಿಯ ಒಬ್ಬನೇ ಕಾರು ಹತ್ತಿದ. ಪೆಟ್ಟಿಗೆ ಒಳಗೆ ಹೋಯಿತು. ಯಾರು ಇಟ್ಟರೋ ಯಾರೂ ಹೇಳಲಿಲ್ಲ.

ಆ ಮಳೆಗಾಲದಲ್ಲಿ ನೀರು ತನ್ನ ದಾರಿ ಹಿಡಿದು ಹೋಯಿತು. ಗೋಡೆ ಒಣಗಿತು, ಕಲೆ ಉಳಿಯಿತು. ಒಲೆಗಳು ಎರಡಾಗಿಯೇ ಉಳಿದವು. ಅಣ್ಣ ತಮ್ಮಂದಿರು ಬೀದಿಯಲ್ಲಿ ಎದುರಾದರೆ ಒಬ್ಬ ಅಂಗಡಿಯ ಕಡೆ ನೋಡುತ್ತಿದ್ದ, ಇನ್ನೊಬ್ಬ ಆಕಾಶದ ಕಡೆ.

ಮಳೆ ಮುಗಿದ ಮೇಲೆ ತಾಯಿ ಏಪ್ರನ್ ಮಡಿಸಿ, ದಾರವನ್ನು ಬಿಗಿಯಾಗಿ ಸುತ್ತಿ, ಕೊನೆಯನ್ನು ಸುತ್ತಿನ ಒಳಗೆ ಸಿಕ್ಕಿಸಿ, ಪೈಪಿನ ಬಾಯಿಗೆ ತುರುಕಿ, ಇಟ್ಟಿಗೆ ಆನಿಸಿ, ಚಪ್ಪಡಿ ಮುಚ್ಚಿದಳು. ಕೈ ಮೊಣಕೈವರೆಗೂ ಕೆಸರಾಯಿತು. ನಲ್ಲಿಯ ಹತ್ತಿರ ಚಿಕ್ಕ ಸೊಸೆ ಚೆಂಬಿನಿಂದ ನೀರು ಹಾಕುತ್ತ, "ಮುಂದಿನ ವರ್ಷ ಇದನ್ನ ಯಾರು ತೆಗೀತಾರೋ," ಎಂದಳು.

"ಮೇಲಿನವರನ್ನ ಕೇಳ್ತೀಯಾ?"

"ನಾನ್ಯಾಕೆ ಕೇಳ್ಲಿ?"

"ಅವರು ನಿನ್ನ ಕೇಳ್ತಾರಾ?"

ಸೊಸೆ ಚೆಂಬನ್ನು ಕೆಳಗಿಟ್ಟಳು. ಅತ್ತೆ ಕೈ ಒರೆಸಿಕೊಂಡು ಮತ್ತೆ ಅಂಗಳಕ್ಕೆ ಹೋದಳು. ಚಪ್ಪಡಿಯನ್ನು ಒಂದಿಷ್ಟು ಮೀಟಿ, ಯಜಮಾನರು ಎಂದೂ ಮಾಡದಿದ್ದ ಒಂದು ಕೆಲಸ ಮಾಡಿದಳು: ದಾರದ ಬಾಲಕ್ಕೆ ಇನ್ನೊಂದು ದಾರ ಸೇರಿಸಿ ಉದ್ದ ಮಾಡಿ, ಯಾರೂ ಯಾರನ್ನೂ ಕೇಳದೆಯೇ ಕಾಣುವಂತೆ, ಚಪ್ಪಡಿಯ ಅಂಚಿನಿಂದ ಹೊರಗೆ ಬಿಟ್ಟಳು.